ಗಂಗೊಳ್ಳಿಯ ಆರನೆಯ ಹೊಳೆ

ಕಡಲಿಗೂ ಉಸಿರು ಕಟ್ಟುತ್ತದೆ ಎಂದರೆ ಘಟ್ಟದ ಮೇಲಿನ ಸ್ನೇಹಿತರು ನಗುತ್ತಾರೆ. ನಗಲಿ. ಅವರು ನೋಡಿಲ್ಲ, ನಾನು ನೋಡಿದ್ದೇನೆ. ಮದುವೆಯಾಗಿ ಗಂಗೊಳ್ಳಿಗೆ ಬಂದ ವರ್ಷ, ಮಳೆಗಾಲ ಇನ್ನೇನು ಮುಗಿಯಿತು ಎನ್ನುವಾಗ ಒಂದು ಬೆಳಿಗ್ಗೆ ಅತ್ತೆಯ ಜೊತೆ ದಂಡೆಗೆ ಹೋದೆ. ಏಡಿಗಳು ನೀರು ಬಿಟ್ಟು ಓಡಿ ಬಂದು ಮರಳಿನ ಮೇಲೆ ಗುಂಪುಗಟ್ಟಿದ್ದವು. ಪ್ರತಿ ಅಲೆಯೂ ಸತ್ತ ಮೀನು ತಂದು ಹಾಕುತ್ತಿತ್ತು. ಅತ್ತೆ ಮುತ್ತಕ್ಕ ಹುಟ್ಟಿದಾಗಿನಿಂದ ಮೀನಿನ ನಡುವೆಯೇ ಬದುಕಿದವರು, ಆ ವಾಸನೆಗೆ ಎಂದೂ ಮೂಗು ಮುರಿದವರಲ್ಲ. ಅಂದು ಸೆರಗಿನಿಂದ ಮೂಗು ಮುಚ್ಚಿಕೊಂಡು, ಬುಟ್ಟಿಯನ್ನು ಮಗುಚಿ ಹಾಕಿ, ಅದರ ಮೇಲೆ ಕೂತು ಅತ್ತುಬಿಟ್ಟರು.

ಕಾರಣ ದೊಡ್ಡ ರಹಸ್ಯವೇನಲ್ಲ. ಮಳೆಗಾಲದ ಗಾಳಿ ಮೇಲಿನ ನೀರನ್ನು ಆಚೆಗೆ ತಳ್ಳಿದಾಗ ಅಡಿಯ ನೀರು ದಂಡೆಯತ್ತ ಹತ್ತಿ ಬರುತ್ತದೆ. ಆ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನಿಂದ ಉದುರಿದ ಸತ್ತ ಜೀವಕಣಗಳು ಅಲ್ಲಿ ಕೊಳೆಯುತ್ತ, ಇದ್ದಬದ್ದ ಆಮ್ಲಜನಕವನ್ನೆಲ್ಲ ಮುಗಿಸಿರುತ್ತವೆ. ಅರಬ್ಬಿ ಸಮುದ್ರದ ಹೊಟ್ಟೆಯೊಳಗೆ ಅಂಥ ನೀರಿನದೇ ಒಂದು ದಪ್ಪ ಪದರವಿದೆ. ನಾನು ರಸಾಯನಶಾಸ್ತ್ರ ಓದಿದವಳು, ಮೇಲಾಗಿ ಹುಟ್ಟಾ ಹಠಮಾರಿ. ಈ ಕಡಲಿಗೆ ಉಸಿರು ಕೊಟ್ಟೇ ಕೊಡುತ್ತೇನೆ ಎಂದು ಅಂದೇ ನಿಶ್ಚಯಿಸಿದೆ.

ಕೊಟ್ಟೆವು ಕೂಡ. ನಮ್ಮ ಕಡಲ ಕೇಂದ್ರದಲ್ಲಿ ನಾವೆಲ್ಲ ಸೇರಿ ಕಟ್ಟಿದ ತೇಲುಯಂತ್ರ ಬಿಸಿಲಿನ ವಿದ್ಯುತ್ತಿನಿಂದ ನೀರನ್ನೇ ಒಡೆದು ಆಮ್ಲಜನಕ ಮಾಡಿಕೊಳ್ಳುತ್ತದೆ. ಅದನ್ನು ಉದ್ದದ ಕೊಳವೆಯಲ್ಲಿ ಇಳಿಸಿ, ಮಂಜಿನಷ್ಟು ಸಣ್ಣ ಗುಳ್ಳೆಗಳಾಗಿ ಆಳದಲ್ಲಿ ಬಿಡುತ್ತದೆ. ಸರ್ಕಾರದ ಕಾಗದಗಳಲ್ಲಿ ಅದಕ್ಕೆ ಮಾರುದ್ದದ ಹೆಸರಿದೆ. ಊರವರು ‘ಉಸಿರುತೆಪ್ಪ’ ಎಂದರು, ಅದೇ ನಿಂತಿತು. ಅದನ್ನು ನಡೆಸಿದ ಮೊದಲ ಮಳೆಗಾಲದಲ್ಲಿ ದಂಡೆಗೆ ಒಂದು ಸತ್ತ ಏಡಿಯೂ ಬರಲಿಲ್ಲ. ನನ್ನ ಗಂಡ ರಾಘು ತನ್ನ ದೋಣಿಗೆ ಬಣ್ಣ ಹೊಡೆಸಿದ. ಅಂಗಡಿಯವರು ನನ್ನಿಂದ ಚಹಾಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ. ಕೊಚ್ಚಿಯಿಂದ ರತ್ನಾಗಿರಿಯವರೆಗೆ ಇಂಥದೇ ನಲವತ್ತು ತೆಪ್ಪಗಳನ್ನು ಬಿಡಲು ಮೇಲಿನವರು ತಯಾರಾದರು. ನೀರಿನ ಗುಣ ಸರಿಯಿದೆ ಎಂದು ನಾನು ಬರೆದುಕೊಡುವುದೊಂದು ಬಾಕಿಯಿತ್ತು.

ನನ್ನ ಕೆಲಸವೇ ಅದು, ನೀರಿನಲ್ಲಿ ಕರಗಿದ ಲೋಹ ಅಳೆಯುವುದು. ಕಡಲಿನಲ್ಲಿ ಕಬ್ಬಿಣ ಎಷ್ಟಿರುತ್ತದೆ ಎಂದರೆ, ದೊಡ್ಡದೊಂದು ಈಜುಕೊಳದ ನೀರಿಗೆ ಒಂದು ಗುಂಡುಸೂಜಿ ಕರಗಿಸಿದಷ್ಟು. ಅಳೆಯಲು ಹೋಗುವ ಹಡಗೋ, ಇಡೀ ಕಬ್ಬಿಣದ್ದು! ತುಕ್ಕಿನ ಒಂದು ಕಣ ಬಿದ್ದರೆ ತಿಂಗಳ ಕೆಲಸ ಮಣ್ಣುಪಾಲು. ಅದಕ್ಕೇ ನಮ್ಮದು ಮಡಿಯವರನ್ನೂ ಮೀರಿಸುವ ಮಡಿ. ಶೀಶೆಗಳನ್ನು ಆಮ್ಲದಲ್ಲಿ ವಾರಗಟ್ಟಲೆ ನೆನೆಸುತ್ತೇವೆ. ಹಗ್ಗ, ಶೀಶೆ ಕಟ್ಟಿ ಕಡಲಿಗಿಳಿಸುವ ಚೌಕಟ್ಟು ಎಲ್ಲ ಪ್ಲಾಸ್ಟಿಕ್ಕು. ಬಳೆ, ಉಂಗುರ, ಕರಿಮಣಿ, ಮುಖದ ಪೌಡರು ಯಾವುದೂ ಹಡಗು ಹತ್ತುವ ಹಾಗಿಲ್ಲ.

“ಹೋಯ್ ಇಂದೂ, ಕೈ ಕುತ್ತಿಗೆ ಎಲ್ಲ ಬೋಳ್ ಬೋಳ್ ಮಾಡ್ಕಂಡ್ ಎಲ್ಲಿಗ್ ಹೊರ್ಟದ್ದ್?” ಎಂದು ಅತ್ತೆ ಪ್ರತಿಸಲವೂ ಬಾಗಿಲಲ್ಲಿ ತಡೆಯುತ್ತಿದ್ದರು. “ಆ ಕಡಲಿಗೆ ನಿನ್ ಕರಿಮಣಿ ಕಂಡ್ರೆ ಹೆದ್ರಿಕೆಯಾ?”

“ಕಡಲಿಗಲ್ಲ ಅತ್ತೆ, ನನ್ನ ಮಿಷನ್ನಿಗೆ.”

“ಹಾಂಗಾರೆ ನಿನ್ ಮಿಷನ್ನಿಗೆ ಸಂಸ್ಕಾರ ಇಲ್ಲೆ, ಬಿಡ್.”

ಅತ್ತೆಯನ್ನಾದರೂ ಮನೆಯಲ್ಲಿ ಬಿಟ್ಟು ಹೋಗಬಹುದು. ಹಡಗಿನಲ್ಲಿ ಹೆರಿಯಣ್ಣನಿದ್ದ. ಚೌಕಟ್ಟನ್ನು ಕೆಳಗಿಳಿಸುವ, ಮೇಲೆತ್ತುವ ವಿಂಚ್ ಅವನ ಕೈಯಲ್ಲಿ. ಒಳ್ಳೆಯ ಮನುಷ್ಯ, ನನಗಿಂತ ಹಿರಿಯ, ಕೆಲಸದಲ್ಲಿ ಮೇಲೆ ಬಿದ್ದು ದುಡಿಯುವವನು. ಆದರೆ ನವರಾತ್ರಿ ಬಂತೆಂದರೆ ಅವನಿಗೆ ಆಯುಧಪೂಜೆಯ ಹುಚ್ಚು. ವಿಂಚಿಗೆ ಹೂವಿನ ಮಾಲೆ, ಚೌಕಟ್ಟಿಗೆ ಕುಂಕುಮದ ಬೊಟ್ಟು! ಪ್ರತಿವರ್ಷ ನವರಾತ್ರಿಯ ನೀರಿನಲ್ಲಿ ಮಾತ್ರ ಕಬ್ಬಿಣ ಹತ್ತಾರು ಪಟ್ಟು ಏರಿರುತ್ತಿತ್ತು. ಪ್ರತಿವರ್ಷ ನಾನು ಹೆರಿಯಣ್ಣನಿಗೆ ಬಾಯಿಗೆ ಬಂದಂತೆ ಬೈದು, ಕುಂಕುಮದ ಬಣ್ಣದೊಳಗಿನ ಕಬ್ಬಿಣ ಬಿದ್ದು ಆ ನೀರು ಕಲಬೆರಕೆಯಾಯಿತೆಂದು ಲೆಕ್ಕದಿಂದ ತೆಗೆದುಹಾಕುತ್ತಿದ್ದೆ.

ಈ ಸಲ, ತೆಪ್ಪ ನಡೆಯುತ್ತಿರುವ ಮೊದಲ ನವರಾತ್ರಿ ಅಲ್ಲವೇ, ಮೊದಲೇ ಅವನನ್ನು ಕರೆದು ಹೇಳಿದ್ದೆ. “ಹೆರಿಯಣ್ಣ, ಒಂದು ಚಿಟಿಕೆ ಕುಂಕುಮ ಕಂಡರೂ ನಾನು ಸುಮ್ಮನಿರುವುದಿಲ್ಲ.”

“ಆಯ್ತಮ್ಮ,” ಎಂದ, ನೆಲ ನೋಡುತ್ತ.

ಆ ನವರಾತ್ರಿಯ ನೀರು ಅಳೆದಾಗ ಕಬ್ಬಿಣ ಇಲ್ಲವೇ ಇಲ್ಲ ಎನ್ನುವಷ್ಟು ಇಳಿದಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಶುದ್ಧ ಲೆಕ್ಕ ಸಿಕ್ಕಿತೆಂದು ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಡಗಿನವರಿಗೆಲ್ಲ ಲಾಡು ಹಂಚಿದೆ, ಹೆರಿಯಣ್ಣನಿಗೆ ಎರಡು. ಅವನು ಲಾಡು ತಿನ್ನುವಾಗಲೂ ನೆಲವನ್ನೇ ನೋಡುತ್ತಿದ್ದ. ಪಾಪ, ನಾಚಿಕೆ ಇರಬೇಕು ಅಂದುಕೊಂಡೆ.

ದೀಪಾವಳಿ ಕಳೆದ ಭಾನುವಾರ ಅವನನ್ನು ಊಟಕ್ಕೆ ಕರೆದಿದ್ದೆವು. ಅತ್ತೆ ಬಂಗುಡೆ ಸಾರು ಮಾಡಿದ್ದರು, ಮಾಡುತ್ತ ಗೊಣಗಿದ್ದರು. “ಈ ವರ್ಷ ಬಂಗುಡೆ ಎಂತಕ್ಕಾ ಸಪೂರ. ಸಾಯ್ಲಿಲ್ಲ, ಬದ್ಕಿತ್ತ್, ಒಪ್ಪಿದೆ. ಆದ್ರೆ ಮೈಯಲ್ಲಿ ಮಾಂಸವೇ ಇಲ್ಲೆ, ಬರೀ ಮುಳ್ಳ್. ಗಿರಾಕಿಗಳ್ ನನ್ ಮುಖ ಕಾಂತ್ರ್.”

ಎಲೆ ಹಾಕಿ ಬಡಿಸುವಾಗ ನಾನು ಹೆರಿಯಣ್ಣನನ್ನು ಹೊಗಳಲು ಶುರುಮಾಡಿದೆ. ಈ ವರ್ಷ ನನ್ನ ಮಾತು ಕೇಳಿದ್ದಕ್ಕೇ ಕೆಲಸ ಇಷ್ಟು ಚೆನ್ನಾಗಿ ಆಯಿತು ಎಂದೆ. ಅತ್ತೆಗೆ ತಡೆಯಲಾಗಲಿಲ್ಲ.

“ಅವ ನಿನ್ ಮಾತ್ ಕೇಂಡದ್ದಾ? ನನ್ ಮಾತ್ ಕೇಂಡದ್ದ್! ಎಲ್ಲಾ ವರ್ಷದ್ ಹಾಂಗೆ ಕೊಲ್ಲೂರಮ್ಮನ ಕುಂಕುಮ ನಾನೇ ಕಟ್ಟಿ ಕೊಟ್ಟದ್ದ್. ಅದ್ಕೇ ಎಲ್ಲ ಸಮ ಆಯ್ತ್ ಕಾಣ್.”

ಹೆರಿಯಣ್ಣನಿಗೆ ಅನ್ನ ನೆತ್ತಿಗೆ ಹತ್ತಿತು. ರಾಘು ಅವನ ಬೆನ್ನು ಗುದ್ದಿದ. ಕೆಮ್ಮು ನಿಂತ ಮೇಲೆ ಅವನು ಮೆಲ್ಲಗೆ ಹೇಳಿದ. “ತಪ್ಪಾಯ್ತಮ್ಮ. ಚೌಕಟ್ಟಿನ ಅಡಿಗೆ, ನಿಮ್ ಕಣ್ಣಿಗ್ ಬೀಳ್ದೆ ಇದ್ದಾಂಗೆ ಹಚ್ಚಿದ್ದೆ. ಎಲ್ಲಾ ವರ್ಷಕ್ಕಿಂತ ಜಾಸ್ತಿಯೇ ಹಚ್ಚಿದೆ. ಅಷ್ಟ್ ದೊಡ್ ಕೆಲ್ಸ, ಅಮ್ಮನ ಕುಂಕುಮ ಇಲ್ದೆ ಹ್ಯಾಂಗ್ ಮಾಡೂದ್?”

ಬಾಯಿ ತುಂಬ ಬೈಗುಳ ಬಂದಿತ್ತು, ಹೊರಗೆ ಬರಲಿಲ್ಲ. ಸಾರಿನ ಸೌಟು ಹಿಡಿದ ಕೈ ಹಾಗೇ ನಿಂತಿತು. ಕುಂಕುಮ ಹಚ್ಚಿದ್ದಾನೆ. ಎಲ್ಲ ವರ್ಷಕ್ಕಿಂತ ಹೆಚ್ಚು ಹಚ್ಚಿದ್ದಾನೆ. ಆದರೂ ಕಬ್ಬಿಣ ಇಲ್ಲ. ಹಾಗಾದರೆ ಇಷ್ಟು ವರ್ಷ ನಾನು ಲೆಕ್ಕದಿಂದ ತೆಗೆದುಹಾಕಿದ ಕಬ್ಬಿಣ ಕುಂಕುಮದ್ದಲ್ಲ. ಅದು ಕಡಲಿನದು. ಈ ವರ್ಷ ಅದು ಹೋಯಿತು, ಏಕೆಂದರೆ ಈ ವರ್ಷ ನನ್ನ ತೆಪ್ಪ ಬಂತು.

“ಇಂದೂ, ಸಾರ್ ಚೆಲ್ತಾ ಇತ್ತ್,” ಎಂದರು ಅತ್ತೆ.

ಊಟ ಬಿಟ್ಟು, ಅತ್ತೆಯ ಕುಂಕುಮದಲ್ಲಿ ಒಂದು ಚಿಟಿಕೆ ಕಟ್ಟಿಕೊಂಡು ಕೇಂದ್ರಕ್ಕೆ ಓಡಿದೆ. ಹಳೆಯ ನವರಾತ್ರಿಗಳ ನೀರು ಉಗ್ರಾಣದಲ್ಲಿ ಶೀಶೆಗಳಲ್ಲಿತ್ತು, ಚೆಲ್ಲಲು ಮನಸ್ಸಾಗದೆ ಇಟ್ಟದ್ದು. ಈಗ ಕಬ್ಬಿಣವನ್ನಲ್ಲ, ಸೀಸವನ್ನು ಅಳೆದೆ. ಅತ್ತೆಯ ಕುಂಕುಮವನ್ನು ಪರೀಕ್ಷಿಸಿದರೆ ಅದರ ಬಣ್ಣದಲ್ಲಿ ಸೀಸವಿತ್ತು. ಕುಂಕುಮ ನೀರಿಗೆ ಸೇರಿದ್ದರೆ ಸೀಸವೂ ಸೇರಿರಬೇಕು. ಶೀಶೆಗಳಲ್ಲಿ ಸೀಸ ಇರಲಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

ಕೂತಲ್ಲೇ ಒಂದೊಂದಾಗಿ ಹೊಳೆಯತೊಡಗಿತು. ನೋಡಿ, ಸಂಗತಿ ಹೀಗಿದೆ. ಕರಾವಳಿಯ ನೆಲವೆಲ್ಲ ಕೆಂಪು, ಅಂದರೆ ಕಬ್ಬಿಣ. ಮಳೆ ಅದನ್ನು ತೊಳೆದು ಕಡಲಿಗೆ ತರುತ್ತದೆ. ಗಾಳಿಯಾಡುವ ನೀರಿನಲ್ಲಿ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಆದರೆ ಮಳೆಗಾಲದ ಕೊನೆಗೆ, ಸರಿಯಾಗಿ ನವರಾತ್ರಿಯ ಹೊತ್ತಿಗೆ, ತಳದ ಕೆಸರಿನ ಮೇಲೆ ಉಸಿರಿಲ್ಲದ ನೀರು ಬಂದು ನಿಂತಾಗ ತುಕ್ಕು ಮತ್ತೆ ಕರಗುತ್ತದೆ. ಕರಗಿದ ಕಬ್ಬಿಣ ಆ ನೀರಿನ ಬೆನ್ನೇರಿ ನೂರಾರು ಮೈಲಿ ಪಡುವಣಕ್ಕೆ ಹೋಗಬಲ್ಲದು. ಗಾಳಿ ಎಲ್ಲಿ ಅದನ್ನು ಮೇಲಕ್ಕೆತ್ತುತ್ತದೋ ಅಲ್ಲಿ ಕಣ್ಣಿಗೆ ಕಾಣದ ಪಾಚಿಗಳು ಅದನ್ನು ಕುಡಿದು ಹಸಿರಾಗುತ್ತವೆ. ಪಾಚಿಯನ್ನು ಸಣ್ಣ ಜೀವಿ ತಿನ್ನುತ್ತದೆ, ಸಣ್ಣ ಜೀವಿಯನ್ನು ಬಂಗುಡೆ. ಕಡಲಿನ ಕಾಯಿಲೆ ಎಂದು ನಾನು ತಿಳಿದದ್ದು ಕಡಲಿನ ರಕ್ತನಾಳವಾಗಿರಬಹುದು. ನಾನು ಅದಕ್ಕೆ ಆಮ್ಲಜನಕ ತುಂಬಿ, ಕಬ್ಬಿಣವನ್ನೆಲ್ಲ ತುಕ್ಕು ಮಾಡಿ ತಳಕ್ಕೆ ಕೆಡವಿದ್ದೆ. ಒಂದೇ ತೆಪ್ಪಕ್ಕೆ ಬಂಗುಡೆ ಇಷ್ಟು ಸಪೂರವಾದರೆ ನಲವತ್ತಕ್ಕೆ?

ಮರುದಿನ ನಿರ್ದೇಶಕ ಶ್ರೀಪತಿ ಉರಾಳರ ಎದುರು ನಿಂತೆ. ಅವರು ನಿಯಂತ್ರಣ ಕೊಠಡಿಯಲ್ಲಿದ್ದರು. ಗೋಡೆಯ ತೆರೆಯ ಮೇಲೆ ತೆಪ್ಪದ ಸುತ್ತ ಆಮ್ಲಜನಕ ಹರಡಿದ ನಕ್ಷೆ ಹಸಿರು ಹಸಿರಾಗಿ ಕಾಣುತ್ತಿತ್ತು. ನನ್ನ ಮಾತನ್ನೆಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇಂದುಮತಿಯವರೇ, ಹಳೆಯ ನೀರು ಕಲಬೆರಕೆ ಅಂತ ಹೇಳಿದ್ದು ಯಾರು?”

“ನಾನೇ ಸರ್.”

“ಈಗ ಕಲಬೆರಕೆ ಅಲ್ಲ ಅಂತ ಹೇಳುವುದೂ ನೀವೇ. ಸೀಸ ಇಲ್ಲ, ಸರಿ. ಹಡಗಿನ ತುಕ್ಕು ಬಿದ್ದಿರಬಹುದಲ್ಲ ಅಂತ ಮೇಲಿನವರು ಕೇಳಿದರೆ ಎಂತ ಹೇಳುವುದು ಮಾರಾಯ್ರೆ? ನಲವತ್ತು ತೆಪ್ಪವನ್ನು ಒಂದು ಕುಂಕುಮದ ಕಥೆಗೆ ನಿಲ್ಲಿಸಿ ಅಂತಲಾ?”

ಹೊಸದಾಗಿ ಅಳೆಯೋಣವೆಂದರೆ ಕಾಲ ಮಿಂಚಿತ್ತು. ದೀಪಾವಳಿ ಕಳೆದರೆ ಗಾಳಿ ತಿರುಗುತ್ತದೆ, ಉಸಿರಿಲ್ಲದ ನೀರು ದಂಡೆ ಬಿಟ್ಟು ಆಳಕ್ಕೆ ಜಾರುತ್ತದೆ. ಉಳಿದದ್ದು ಒಂದೇ ದಾರಿ. ಮುಂದಿನ ಮಳೆಗಾಲ ತೆಪ್ಪವನ್ನು ನಿಲ್ಲಿಸಿ, ಮುಂದಿನ ನವರಾತ್ರಿಯಲ್ಲಿ ಯಾರೂ ಬೊಟ್ಟು ಮಾಡದ ಹಾಗೆ ಅಳೆಯಬೇಕು ಎಂದೆ.

ಉರಾಳರು ಕನ್ನಡಕ ಮತ್ತೆ ಹಾಕಿಕೊಂಡರು. “ಒಂದು ಮಳೆಗಾಲ ನಾನು ಹೇಗಾದರೂ ಕೊಡಿಸ್ತೇನೆ. ಆದರೆ ತೆಪ್ಪ ನಿಂತರೆ ಮೀನು ಸಾಯುವುದು ನಿಮ್ಮ ದಂಡೆಯಲ್ಲಿ. ಊರು ಒಪ್ಪಬೇಕು. ಮತ್ತೆ ಅಳೆದಾಗ ಕಬ್ಬಿಣ ಸಿಗದಿದ್ದರೆ, ನಿಮ್ಮ ಮಾತಿಗೆ ಇನ್ನು ಯಾರೂ ಬೆಲೆ ಕೊಡುವುದಿಲ್ಲ. ನಾನು ಕೂಡ.”

ಮನೆಗೆ ಬಂದು ಅತ್ತೆಯ ಎದುರು ಕೂತೆ. ಅವರು ಅಂಗಳದಲ್ಲಿ ಬಲೆಯಿಂದ ಮೀನು ಬಿಡಿಸುತ್ತಿದ್ದರು. ಎಲ್ಲ ಹೇಳಿದೆ. ಗಂಗೊಳ್ಳಿಯಲ್ಲಿ ಐದು ಹೊಳೆ ಕೂಡಿ ಕಡಲಿಗೆ ಸೇರುತ್ತವಲ್ಲ, ಅವು ತಂದ ಕೆಂಪು ಮಣ್ಣಿನ ಸತ್ವ ಹೊತ್ತುಕೊಂಡು ಕಡಲಿನ ಒಳಗೇ ಇನ್ನೊಂದು ಹೊಳೆ ಹರಿಯುತ್ತಿರಬೇಕು, ನಾವು ಅದಕ್ಕೆ ಅಡ್ಡ ಕಟ್ಟ ಹಾಕಿದ್ದೇವೆ ಎಂದೆ.

“ಐದ್ ಹೊಳೆ ನಂಗೊತ್ತಿತ್ತ್,” ಎಂದರು ಅತ್ತೆ. “ಇದ್ ಆರನೇದಾ? ಕಂಡವ್ರ್ ಯಾರ್?”

“ಯಾರೂ ಕಂಡಿಲ್ಲ. ಕಾಣಬೇಕಾದರೆ ತೆಪ್ಪ ನಿಲ್ಲಿಸಬೇಕು.”

ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಎಸೆದರು. “ಮೀನ್ ಉಸ್ರ್ ಕಟ್ಟಿ ಸಾಯ್ಲಿ ಅಂದೇಳಿ ಬಿಟ್ಟ್ ಬಿಡೂದಾ? ಆವತ್ತ್ ನಾನ್ ಕೂತ್ಕಂಡ್ ಮರ್ಕಿದ್ದ್ ಕಂಡಿದ್ಯಲ್ದಾ ನೀನ್?” ಎನ್ನುತ್ತ ಎದ್ದು ಒಳಗೆ ಹೋದರು. ರಾಘು ನನ್ನ ಮುಖ ನೋಡಲಿಲ್ಲ. ಅವನ ದೋಣಿಯ ಹೊಸ ಬಣ್ಣ ಇನ್ನೂ ಹೊಳೆಯುತ್ತಿತ್ತು.

ಊರಿನ ಸಭೆಯಲ್ಲಿ ನಾನು ಮಾತಾಡಿದ್ದು ಅಷ್ಟರಲ್ಲೇ ಇತ್ತು. ಒಬ್ಬರು ಎದ್ದು, “ಕುಂಕುಮ ಬಿದ್ದು ನೀರು ಹಾಳಾಯಿತು ಅಂದವರೂ ಇವರೇ, ಇಲ್ಲ ಅನ್ನುವವರೂ ಇವರೇ, ಯಾವುದನ್ನು ನಂಬುವುದು?” ಎಂದರು. ಅಷ್ಟು ಹೊತ್ತು ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ಥಟ್ಟನೆ ಎದ್ದರು.

“ಕುಂಕುಮ ಕೊಟ್ಟದ್ದ್ ನಾನ್! ಕೊಲ್ಲೂರಮ್ಮನ ಕುಂಕುಮವ ಕಲಬೆರಕೆ ಅಂದ್ರ್, ಇಷ್ಟ್ ವರ್ಷ ಅಂದ್ರ್. ನನ್ ಸೊಸೆಯೇ ಅಂದದ್ದ್, ಬೇರೆಯವ್ರಲ್ಲ. ಆ ಅಪವಾದ ಹೋಯ್ಕಲ್ದಾ? ಒಂದ್ ವರ್ಷ ತೆಪ್ಪ ನಿಲ್ಲಿ. ಬುಟ್ಟಿ ಖಾಲಿ ಆದ್ರೆ ನಂದೂ ಖಾಲಿ ಆತ್ತ್, ನಿಮ್ದ್ ಮಾತ್ರ ಅಲ್ಲ.”

ಸಭೆಯಲ್ಲಿ ನಗು ಎದ್ದಿತು. ನಗುತ್ತಲೇ ಒಪ್ಪಿದರು.

ಮುಂದಿನ ಮಳೆಗಾಲ ಮುಗಿಯುವಾಗ ಏಡಿಗಳು ಮತ್ತೆ ಮರಳು ಹತ್ತಿದವು. ಮೀನು ಸತ್ತು ಬಂತು. ಊರಿನಲ್ಲಿ ನಗು ಇರಲಿಲ್ಲ. ಚಹಾದ ಅಂಗಡಿಯವರು ಈಗ ದುಡ್ಡನ್ನು ಎಣಿಸಿಯೇ ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಬೆಳಿಗ್ಗೆ ಅತ್ತೆ ದಂಡೆಗೆ ಹೋಗಿ ಖಾಲಿ ಬುಟ್ಟಿಯೊಂದಿಗೆ ಮರಳಿ ಬರುತ್ತಿದ್ದರು, ನನಗೆ ಒಂದು ಮಾತೂ ಅನ್ನುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಯುಧಪೂಜೆಯ ದಿನ ನಾನು ಬಳೆ, ಕರಿಮಣಿ ತೆಗೆದಿಟ್ಟು ಹೊರಟಾಗ ಮಾತ್ರ, ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಕಟ್ಟಿದ ಒಂದು ಸಣ್ಣ ಪೊಟ್ಟಣವನ್ನು ನನ್ನ ಚೀಲಕ್ಕೆ ಹಾಕಿದರು.

“ಕೆಲ್ಸ ಮುಗ್ದ್ ಮೇಲೆ ಬಿಚ್ಚ್. ಮುಂಚೆ ಬಿಚ್ಚಿರೆ ಕಾಣ್ ಮತ್ತೆ.”

ಈ ಸಲ ನೀರನ್ನು ಮೇಲೆ ತರುವ ಮಾತೇ ಇರಲಿಲ್ಲ. ಶೀಶೆ ಬೇಡ, ಹಡಗಿನ ಮೇಲಿನ ಗಾಳಿ ಬೇಡ. ಆ ವರ್ಷವೆಲ್ಲ ಕೂತು ‘ಮಿಣುಕ’ ಎಂಬ ಹೊಸ ಸಾಧನ ಮಾಡಿದ್ದೆವು. ಅಂಗೈ ಉದ್ದದ ಗಾಜಿನ ಕೊಳವೆ, ಒಳಗೊಂದು ರಸಾಯನ. ಉಸಿರಿಲ್ಲದ ನೀರಿನಲ್ಲಿ ಕರಗಿದ ಕಬ್ಬಿಣ ಅದನ್ನು ಮುಟ್ಟಿದರೆ ನೀಲಿ ಬೆಳಕು ಹೊತ್ತುತ್ತದೆ. ಕಬ್ಬಿಣ ಹೆಚ್ಚಿದಷ್ಟೂ ಬೆಳಕು ಹೆಚ್ಚು. ಇಂಥ ಮಿಣುಕಗಳನ್ನು ಹಗ್ಗಕ್ಕೆ ಸಾಲಾಗಿ ಪೋಣಿಸಿ ಚೌಕಟ್ಟಿಗೆ ಕಟ್ಟಿದ್ದೆವು. ಇನ್ನೂ ನೂರಾರನ್ನು ನೀರಿನ ಜೊತೆ ತೇಲಿ ಹೋಗಲೆಂದು ವಾರದ ಹಿಂದೆಯೇ ಆಳದಲ್ಲಿ ಬಿಟ್ಟಿದ್ದೆವು. ಕಂಡ ಬೆಳಕಿನ ಸುದ್ದಿಯನ್ನು ಅವು ಶಬ್ದದ ಅಲೆಗಳಲ್ಲಿ ನಮಗೆ ಕಳಿಸಬೇಕಿತ್ತು.

ಹೆರಿಯಣ್ಣ ವಿಂಚಿನ ಹತ್ತಿರ ನಿಂತಿದ್ದ. ಹೂವಿನ ಮಾಲೆ ಇಲ್ಲ. ನನ್ನನ್ನು ಕಂಡೊಡನೆ ಎರಡೂ ಅಂಗೈ ಅಗಲಿಸಿ ತೋರಿಸಿದ. ಸಾಬೂನಿನಲ್ಲಿ ತಿಕ್ಕಿ ತಿಕ್ಕಿ ಬೆಳ್ಳಗಾಗಿದ್ದವು. ಹಣೆಯ ನಾಮವನ್ನೂ ಅಳಿಸಿಕೊಂಡಿದ್ದ.

“ಹಚ್ಲಿಲ್ಲ ಅಮ್ಮ. ಅಡಿಗೂ ಇಲ್ಲೆ, ಮೇಲಿಗೂ ಇಲ್ಲೆ. ಬೇಕಾರೆ ಕಾಣಿ. ಅಪ್ಪಯ್ಯನ ಕಾಲದಿಂದ ಆಯುಧಪೂಜೆ ತಪ್ಸಿದ್ದ್ ಇದೇ ಮೊದ್ಲ್.” ಮತ್ತೊಮ್ಮೆ ಅಂಗೈ ತಿರುಗಿಸಿ ತೋರಿಸಿದ. “ನಾಳೆ ಯಾರೂ ಕುಂಕುಮದ್ದ್ ಅಂತ ಹೇಳೂಕಾಗ.”

ನಾನು ಚೌಕಟ್ಟಿನ ಅಡಿ ನೋಡಲಿಲ್ಲ. ನೋಡಬೇಕೆನಿಸಲಿಲ್ಲ.

ಮೇಲೆ ಸುಡುವ ಮಧ್ಯಾಹ್ನ. ಹಡಗಿನ ಕೋಣೆಯೊಳಗೆ ಕಿಟಕಿ ಮುಚ್ಚಿ ನಾನೂ ಉರಾಳರೂ ತೆರೆಯ ಎದುರು ಕೂತೆವು. ಚೌಕಟ್ಟು ಇಳಿಯಿತು. ಅದರ ಕ್ಯಾಮೆರಾ ಕಳಿಸುತ್ತಿದ್ದ ಚಿತ್ರದಲ್ಲಿ ನೀರಿನ ನೀಲಿ ಹೋಗಿ ಕಪ್ಪಾಯಿತು, ಕಪ್ಪು ಇನ್ನೂ ದಟ್ಟವಾಯಿತು. ಏನೂ ಇಲ್ಲ. ಇನ್ನೂ ಇಳಿಯಿತು, ಏನೂ ಇಲ್ಲ. ದಂಡೆಯ ಸತ್ತ ಮೀನು, ಅತ್ತೆಯ ಖಾಲಿ ಬುಟ್ಟಿ, ಎಲ್ಲ ಕಣ್ಣ ಮುಂದೆ ಬಂತು. ಉರಾಳರು ಕೆಮ್ಮಿದರು. ಆಗ ಹಗ್ಗದ ಕೆಳತುದಿಯ ಮಿಣುಕದಲ್ಲಿ ಸಣ್ಣಗೆ ಬೆಳಕು ಹೊತ್ತಿತು.

ಅದರ ಮೇಲಿನದು ಹೊತ್ತಿತು, ಅದರ ಮೇಲಿನದೂ. ಇಳಿಯುತ್ತ ಹೋದ ಹಾಗೆ ಸಾಲೆಲ್ಲ ಉರಿಯಿತು, ಕಾರ್ತಿಕದ ದೀಪ ಹಚ್ಚುತ್ತ ಹೋದಂತೆ. ಆ ಬೆಳಕಿನಲ್ಲಿ ನೀರಿನೊಳಗಿನ ಕಣಗಳು ತೇಲುವುದು ಕಾಣುತ್ತಿತ್ತು. ಇಳಿದಷ್ಟೂ ಬೆಳಕು, ಮುಗಿಯುವ ಲಕ್ಷಣವೇ ಇಲ್ಲ! ಎಷ್ಟು ದಪ್ಪದ ಹೊಳೆ ಅದು, ದೇವರೇ!

“ತೇಲಿಬಿಟ್ಟ ಮಿಣುಕಗಳು ಏನನ್ನುತ್ತವೆ?” ಎಂದರು ಉರಾಳರು.

ನಕ್ಷೆ ತೆರೆದೆ. ಒಂದೊಂದೇ ಚುಕ್ಕಿ ಮೂಡತೊಡಗಿತು. ಗಂಗೊಳ್ಳಿಯ ಎದುರು ಒಂದು ಗೊಂಚಲು, ಅದರಾಚೆ ಒಂದು, ಇನ್ನೂ ಆಚೆ ಒಂದು. ಪಡುವಣಕ್ಕೆ, ಎಂದೂ ಯಾವ ದೋಣಿಯೂ ಬಲೆ ಹಾಕದ ದೂರಕ್ಕೆ, ನೀಲಿ ಚುಕ್ಕಿಗಳ ಒಂದು ಪಟ್ಟೆ ಸಾಗಿತ್ತು. ನಮ್ಮ ಐದೂ ಹೊಳೆ ಸೇರಿದರೂ ಅದರ ಒಂದು ತೊರೆಗೆ ಸಮವಾಗುತ್ತಿರಲಿಲ್ಲ. ಸದ್ದಿಲ್ಲ, ದಂಡೆಯಿಲ್ಲ, ಬಿಸಿಲು ಕಂಡದ್ದಿಲ್ಲ. ಮನುಷ್ಯರು ಹುಟ್ಟುವ ಮೊದಲಿನಿಂದಲೂ ಅದು ನಮ್ಮ ಕಾಲ ಕೆಳಗೇ ಹರಿದು, ಯಾರಿಗೂ ಹೇಳದೆ ಕಡಲಿಗೆಲ್ಲ ಉಣಿಸುತ್ತಿತ್ತು. ಅದನ್ನು ನಾನು ವರ್ಷವರ್ಷವೂ ಕೈಯಲ್ಲಿ ಹಿಡಿದಿದ್ದೆ, ಕೊಳೆ ಎಂದು ಬದಿಗೆ ಸರಿಸಿದ್ದೆ. ಕೈ ತಾನಾಗಿ ಮುಗಿಯಿತು. ಪಕ್ಕದಲ್ಲಿ ಉರಾಳರೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

“ನಲವತ್ತನ್ನೂ ನಿಲ್ಲಿಸುವ,” ಎಂದರು. “ದಂಡೆಯ ಮೀನು ಉಳಿಸಲು ಬೇರೆ ಉಪಾಯ ಹುಡುಕುವ. ದಂಡೆಗೆ ತಾಗಿ ಸಣ್ಣ ತೆಪ್ಪ ಇಟ್ಟರೆ ಹೇಗೆ, ಹೊಳೆಗೆ ಅಡ್ಡ ಬಾರದ ಹಾಗೆ?”

“ಹುಡುಕುವ ಸರ್,” ಎಂದೆ. ಹೊರಗೆ ವಿಂಚಿನ ಸದ್ದು ಕೇಳಿ ಓಡಿದೆ.

ಹೆರಿಯಣ್ಣ ಚೌಕಟ್ಟನ್ನು ಮೇಲೆತ್ತಿ ಹಲಗೆಯ ಮೇಲೆ ಇಳಿಸಿದ್ದ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಆದರೂ ಕೇಳಿದ. “ಇತ್ತಾ ಅಮ್ಮ?”

“ಇತ್ತು ಹೆರಿಯಣ್ಣ. ಎಲ್ಲಾ ವರ್ಷವೂ ಇತ್ತು.”

ಅವನು ವಿಂಚಿನ ಹಿಡಿಯನ್ನು ಒರೆಸತೊಡಗಿದ. ನಾನು ಚೀಲದಿಂದ ಅತ್ತೆಯ ಪೊಟ್ಟಣ ತೆಗೆದು ಮೂರು ಸುತ್ತೂ ಬಿಚ್ಚಿದೆ. ಒಳಗೆ ಕೆಂಪು ಕುಂಕುಮ ಗಾಳಿಗೆ ಸಣ್ಣಗೆ ಹಾರಿತು. ಬೆರಳು ಅದ್ದಿ, ಇಷ್ಟು ವರ್ಷ ಯಾರೂ ಮುಟ್ಟಕೂಡದೆಂದು ನಾನು ಕಾದುಕೊಂಡು ಬಂದಿದ್ದ ಆ ಬಿಳಿ ಚೌಕಟ್ಟಿನ ನಟ್ಟನಡುವೆ ದೊಡ್ಡದೊಂದು ಬೊಟ್ಟಿಟ್ಟೆ.

“ಅಯ್ಯೋ ಅಮ್ಮ, ಎಂತ ಮಾಡ್ತಿದ್ರಿ!” ಹೆರಿಯಣ್ಣ ಓಡಿ ಬಂದು ನನ್ನ ಕೈ ಹಿಡಿದ. ಕಣ್ಣಲ್ಲಿ ನೀರು, ಬಾಯಲ್ಲಿ ಮಾತ್ರ ಥೇಟ್ ನನ್ನದೇ ಗದರು. “ಎಲ್ಲಾ ಕಲಬೆರಕೆ ಆತ್ತ್! ನಿಮ್ಗೆ ಎಷ್ಟ್ ಸಲ ಹೇಳೂದ್?”